ನನ್ನ ಗಂಡ ವೀರನಾದ ಸಂಚಿಕೆ

ಆ ಸಂಚಿಕೆ ಬಂದಾಗ ನನಗೆ ಐವತ್ತೆಂಟು ವರ್ಷ. ಅದಾಗಿ ಒಂಬತ್ತು ವರ್ಷ ಕಳೆಯಿತು. ಬೈಂಡಿಂಗ್ ಕೆಲಸಕ್ಕೆ ಹೊಸದಾಗಿ ಸೇರುವ ಹೆಣ್ಣುಮಕ್ಕಳು ಓದಲಿ, ನಿಮ್ಮ ಅನುಭವ ಬರೆದುಕೊಡಿ ಎಂದು ಸಂಘದವರು ಕೇಳಿದ್ದಾರೆ. ನನಗೆ ಅಕ್ಷರ ಬರುವುದು ಅಷ್ಟಕ್ಕಷ್ಟೆ. ದೊಡ್ಡ ಅಕ್ಷರ ಬೇಗ, ಸಣ್ಣ ಅಕ್ಷರ ತಡ, ಒತ್ತಕ್ಷರ ಬಂದರೆ ನಿಂತುಬಿಡುತ್ತೇನೆ. ಆದರೂ ಬರೆದಿದ್ದೇನೆ. ಅಕ್ಷರ ತಪ್ಪಿದ್ದರೆ ತಿದ್ದಿಕೊಳ್ಳಿ. ಹೇಳಿದ ವಿಷಯ ತಿದ್ದಬೇಡಿ.

ಮೊದಲು ಕೆಲಸ ಎಂಥದು ಎಂದು ಹೇಳುತ್ತೇನೆ. ಠಾಣೆಯ ನೌಪಾಡಾದಲ್ಲಿ ಒಂದು ಹಳೆಯ ಕಟ್ಟಡದ ಹಿಂದೆ ತಗಡಿನ ಮಾಡಿನ ಉದ್ದನೆಯ ಕೋಣೆ. ಮಾಲೀಕರು ಸಾವಂತ ಸೇಠ್, ಮರಾಠಿಯವರು. ಪ್ರೆಸ್ಸಿನಿಂದ ಎರಡೂ ಕಡೆ ಛಾಪಿಸಿದ ದೊಡ್ಡ ದೊಡ್ಡ ಹಾಳೆಗಳು ಬರುತ್ತವೆ. ಒಂದು ಹಾಳೆಯನ್ನು ಮೂರು ಸಲ ಮಡಚಿದರೆ ಹದಿನಾರು ಪುಟ. ಅದಕ್ಕೆ ಫರ್ಮಾ ಎನ್ನುತ್ತೇವೆ. ಫರ್ಮಾದೊಳಗೆ ಫರ್ಮಾ ಇಟ್ಟು, ಮೇಲೆ ರಟ್ಟು ಹಾಕಿ, ನಡುವೆ ಪಿನ್ ಹೊಡೆದು, ಅಂಚು ಕತ್ತರಿಸಿದರೆ ಮಾಸಪತ್ರಿಕೆ ಆಯಿತು. ಹೇಳಲು ಸುಲಭ. ಉಗುರಿನಿಂದ ಮಡಿಕೆ ಎಳೆದವರ ಉಗುರು ಮೂರೇ ದಿನದಲ್ಲಿ ಹೋಗುತ್ತದೆ. ಎಲುಬಿನ ಪಟ್ಟಿಯಿಂದಲೇ ಎಳೆಯಿರಿ. ಕಾಗದ ಬೆರಳು ಕೊಯ್ದರೆ ತಕ್ಷಣ ಸೆರಗಿಗೆ ಒರೆಸಿಕೊಳ್ಳಿ. ಸೇಠ್ ನಿಮ್ಮ ಗಾಯ ನೋಡುವುದಿಲ್ಲ, ಪುಟದ ಮೇಲಿನ ರಕ್ತ ನೋಡುತ್ತಾರೆ. ಮೈದಾದ ಅಂಟಿಗೆ ಮೈಲುತುತ್ತ ಹಾಕುತ್ತೇವೆ, ಇಲ್ಲದಿದ್ದರೆ ಜಿರಳೆ ತಿನ್ನುತ್ತದೆ. ಊಟಕ್ಕೆ ಮೊದಲು ಕೈ ತೊಳೆಯದಿದ್ದರೆ ನೀವೂ ಜಿರಳೆಯ ಹಾಗೆಯೇ.

ಇನ್ನೊಂದು ಮಾತು. ಪಿನ್ ಹೊಡೆದ ಪುಸ್ತಕದಿಂದ ಒಂದು ಹಾಳೆ ಕಿತ್ತರೆ ಅದರ ಜೋಡಿ ಹಾಳೆ ಪುಸ್ತಕದ ಇನ್ನೊಂದು ಅರ್ಧದಿಂದ ಕಳಚಿ ಬರುತ್ತದೆ. ಆದ್ದರಿಂದ ಕೆಟ್ಟ ಹಾಳೆ ತೆಗೆಯಬೇಕಾದರೆ ಬುಡದಲ್ಲಿ ಬೆರಳಗಲ ಪಟ್ಟಿ ಬಿಟ್ಟು ಕೊಯ್ಯಬೇಕು, ಆ ಪಟ್ಟಿಗೆ ಹೊಸ ಹಾಳೆ ಅಂಟಿಸಬೇಕು. ಇದನ್ನು ಚೆನ್ನಾಗಿ ಕಲಿತವಳಿಗೆ ಕೆಲಸ ತಪ್ಪುವುದಿಲ್ಲ. ನಮ್ಮ ಮೇಜಿನಲ್ಲಿ ಅದನ್ನು ನಾನು ಮತ್ತು ಕಮಲತಾಯಿ ಮಾಡುತ್ತಿದ್ದೆವು. ಕಮಲತಾಯಿ ಕಲ್ಯಾಣದವಳು, ಅವಳಿಗೆ ಕನ್ನಡ ಒಂದಕ್ಷರ ಬಾರದು. ಆದರೂ ಕನ್ನಡದ ಫರ್ಮಾ ನನಗಿಂತ ಬೇಗ ಮಡಚುತ್ತಿದ್ದಳು. ಓದಲು ಬಾರದವರು ನಿಲ್ಲುವುದಿಲ್ಲವಲ್ಲ.

ಕನ್ನಡದ ಕೆಲಸ ತರುತ್ತಿದ್ದವರು ಮಾಸ್ತರರು. ಧಾರವಾಡ ಕಡೆಯವರು, ಶಾಲೆಯಲ್ಲಿ ಪಾಠ ಹೇಳಿ ನಿವೃತ್ತರಾಗಿ ಡೊಂಬಿವಿಲಿಯಲ್ಲಿ ಇದ್ದರು. ಚರಿತ್ರೆಯ ಮಾಸಪತ್ರಿಕೆ ಒಂದನ್ನು ತಾವೇ ಬರೆದು, ತಾವೇ ತಿದ್ದಿ, ತಾವೇ ಚೀಲದಲ್ಲಿ ಹೊತ್ತು ಹಂಚುತ್ತಿದ್ದರು. ಪತ್ರಿಕೆಯ ಹೆಸರು ಬೇಡ, ಈಗ ಅದು ನಿಂತಿದೆ, ಮಾಸ್ತರರೂ ಇಲ್ಲ. ನನಗೆ ಅಕ್ಷರ ಕಲಿಸಿದವರು ಅವರೇ. ಹಾಳೆ ಬರುವುದು ತಡವಾದ ಮಧ್ಯಾಹ್ನ ಖಾಲಿ ಪೆಟ್ಟಿಗೆಯೊಂದನ್ನು ಮಗುಚಿ ಹಾಕಿ ಕೂರುತ್ತಿದ್ದರು. ರದ್ದಿ ಹಾಳೆಯ ಅಂಚಿನಲ್ಲಿ ಅ ಆ ಬರೆದು ನನ್ನ ಮುಂದೆ ತಳ್ಳುತ್ತಿದ್ದರು. ಜೋಳದ ರೊಟ್ಟಿ, ಶೇಂಗಾ ಚಟ್ನಿ ತರುತ್ತಿದ್ದರು. ನನ್ನ ಡಬ್ಬಿಯ ಮೀನು ನೋಡಿ ಮುಖ ತಿರುಗಿಸಿ, "ಏ ಗುಲಾಬವ್ವ, ಸಮುದ್ರಾನ ಡಬ್ಬ್ಯಾಗ ತುಂಬ್ಕೊಂಡ್ ಬರ್ತೀಯಲ್ಲವಾ" ಎನ್ನುತ್ತಿದ್ದರು. ಕಮಲತಾಯಿಗೆ ರಾಜರ ಕಥೆಯನ್ನು ಮರಾಠಿಯಲ್ಲಿ ಹೇಳುತ್ತಿದ್ದರು. ನಾವು ಕೈ ನಿಲ್ಲಿಸದೆ ಕೇಳುತ್ತಿದ್ದೆವು. ಕೆಲಸ ಬಿಟ್ಟ ಮೇಲೆ ನನಗೆ ಬೇಕೆನಿಸುವುದು ಬೇರೇನೂ ಇಲ್ಲ. ಆ ಮಧ್ಯಾಹ್ನಗಳು ಬೇಕು. ಸಿಗುವುದಿಲ್ಲ, ಅದು ಗೊತ್ತು.

ಒಮ್ಮೆ ನಮ್ಮ ಮೇಜಿನಲ್ಲಿ ಒಳಗಿನ ಫರ್ಮಾ ಹೊರಗೆ, ಹೊರಗಿನದು ಒಳಗೆ ಸೇರಿ ಪಿನ್ ಬಿದ್ದುಬಿಟ್ಟಿತು. ಆ ಸಂಚಿಕೆಯಲ್ಲಿ ರಾಜ ಮೊದಲು ಸತ್ತ, ಆಮೇಲೆ ಪಟ್ಟಕ್ಕೆ ಬಂದ. ಪುಸ್ತಕಗಳೆಲ್ಲ ಹೋಗಿಯಾದ ಮೇಲೆ ಗೊತ್ತಾಯಿತು. ನಾವು ಹೆದರಿ ಕೂತಿದ್ದರೆ ಮಾಸ್ತರರು ಹೊಟ್ಟೆ ಹಿಡಿದುಕೊಂಡು ನಕ್ಕರು. "ಒಬ್ಬನೂ ಕೇಳ್ಲಿಲ್ಲವಾ! ಒಬ್ಬ ಮಾತ್ರ ಕಾಗದ ಬರ್ದಾನ, ಸಂಚಿಕೆ ಭಾಳ ಚಲೋ ಬಂದದ ಅಂತ!"

ಇನ್ನೊಮ್ಮೆ ಅವರಿಗೆ ಕಲ್ಯಾಣದ ಹುಚ್ಚು ಹಿಡಿಯಿತು. ಕನ್ನಡದ ದೊಡ್ಡ ರಾಜರ ರಾಜಧಾನಿ ಕಲ್ಯಾಣ ಬೀದರ ಕಡೆ ಇರುವುದಲ್ಲ, ಕಮಲತಾಯಿ ದಿನಾ ಲೋಕಲ್ ರೈಲು ಹತ್ತುವ ನಮ್ಮ ಕಲ್ಯಾಣವೇ ಅದು ಎಂದು ಬರೆದರು. ಇಲ್ಲಿಯ ಕನ್ನಡಿಗರಿಗೆ ಖುಷಿಯೋ ಖುಷಿ. ಇಷ್ಟು ವರ್ಷ ನಾವು ಪರವೂರಲ್ಲಿ ಇದ್ದೇವೆ ಅಂದುಕೊಂಡಿದ್ದೆವು, ಇದು ನಮ್ಮ ರಾಜಧಾನಿಯೇ ಅಂತೆ ಎಂದು ಹೋಟೆಲಿನವರೆಲ್ಲ ಹೇಳಿಕೊಂಡು ತಿರುಗಿದರು. ಆಗ ಬೀದರದ ಕಡೆಯಿಂದ ಓದಿದವರೊಬ್ಬರು ಬಂದರು. ನಮ್ಮ ಕೋಣೆಯಲ್ಲಿಯೇ ನಿಂತು ಶಾಸನದ ಪಟಗಳನ್ನು ಮೇಜಿನ ಮೇಲೆ ಹರಡಿದರು. ಮಾಸ್ತರರು ಬಹಳ ಹೊತ್ತು ನೋಡಿದರು. ಆಮೇಲೆ ನಮ್ಮ ಕಡೆ ತಿರುಗಿ, "ಉಳಿದ ಪ್ರತಿಯಾಗ ಆ ಹಾಳಿ ಕೊಯ್ದು ಬ್ಯಾರೆ ಅಂಟಸ್ರಿ" ಅಂದರು. ನಾನು, ಕಮಲತಾಯಿ ಕೂತು ಪಟ್ಟಿ ಬಿಟ್ಟು ಕೊಯ್ದೆವು, ಅಂಟಿಸಿದೆವು. ರಾಜಧಾನಿ ಹೋಯಿತು ಎಂದು ಕಮಲತಾಯಿಗೆ ಹೇಳಿದಾಗ ಅವಳು, "ಗೇಲೀ ತರ ಗೇಲೀ, ಲೋಕಲ್ ತರ ಆಹೇ ನಾ" ಅಂದಳು. ರಾಜಧಾನಿ ಹೋದರೆ ಹೋಗಲಿ, ಲೋಕಲ್ ಇದೆಯಲ್ಲ ಎಂದು.

ತಪ್ಪು ಎಂದು ಕಂಡರೆ ಹಾಳೆ ಕೊಯ್ಯಿಸುವ ಮನುಷ್ಯ ಆಗಿದ್ದರು ಅವರು. ಅದಕ್ಕೇ ಹೇಳಿದೆ.

ಆಮೇಲೆ ಬದಲಾವಣೆ ಬಂತು. ಬೇರೆ ಬೈಂಡಿಂಗಿನವರು ಮಡಚುವ ಮೆಷಿನ್ ತಂದರು, ನಮ್ಮ ಕಡೆ ಕೆಲಸ ಕಡಿಮೆಯಾಯಿತು. ಜನ ಮೊಬೈಲ್ ನೋಡತೊಡಗಿದರು, ಮಾಸ್ತರರ ಓದುಗರೂ ಕಡಿಮೆಯಾದರು. ರಾಜರ ಕಥೆ ಮುಗಿದ ಮೇಲೆ ಅವರಿಗೆ ಶತ್ರುಗಳ ಕಥೆ ಬೇಕಾಯಿತು. ಯಾವ ಕೆರೆ ಯಾರು ಕಿತ್ತುಕೊಂಡರು, ಯಾವ ಗುಡ್ಡದ ಹೆಸರು ಯಾರು ಕೆಡಿಸಿದರು, ಬರೀ ಇದೇ. ನಾನು ಎಲ್ಲವನ್ನೂ ಓದುತ್ತಿರಲಿಲ್ಲ. ಓದದೆಯೂ ಗೊತ್ತಾಗುತ್ತಿತ್ತು. ಒಳಗೆ ಯಾರಿಗಾದರೂ ಬೈದಿದ್ದರೆ ಆ ತಿಂಗಳ ಕಟ್ಟು ದೊಡ್ಡದಿರುತ್ತಿತ್ತು, ಪ್ರತಿ ಹೆಚ್ಚು. ಪೆಟ್ಟಿಗೆಯ ಮೇಲೆ ಕೂರುವುದನ್ನೂ ಅವರು ಬಿಟ್ಟರು. ಜೊತೆಗೆ ಜನ ಇರುತ್ತಿದ್ದರು, ಎಲ್ಲರೂ ನಿಂತೇ ಮಾತಾಡುವವರು.

ಒಂದು ದಿನ ಮಾಸ್ತರರು ಬಂದು ನನ್ನ ಗಂಡನ ಫೋಟೋ ಕೇಳಿದರು. ಮರೆತುಹೋದ ನಮ್ಮವರ ಬಗ್ಗೆ ವಿಶೇಷ ಸಂಚಿಕೆ ಮಾಡುತ್ತೇನೆ ಅಂದರು. ಹೋಟೆಲ್ ಕೆಲಸದವರ ಬಗ್ಗೆ ಯಾರೂ ಬರೆಯುವುದಿಲ್ಲ, ಇವರಾದರೂ ಬರೆಯಲಿ ಎಂದು ಕೊಟ್ಟೆ. ಅದಕ್ಕೂ ಮೊದಲು ಕಮಲತಾಯಿಗೆ ತೋರಿಸಿದೆ. ಅವಳು ನೋಡಿ, "ಚಾಂಗಲಾ ದಿಸಾಯಚಾ ಗ" ಅಂದಳು. ಚೆನ್ನಾಗಿದ್ದ ಎಂದು.

ಚೆನ್ನಾಗಿದ್ದರು. ಹೆಸರು ಸಂಜೀವ. ಕಾರ್ಕಳದ ಹತ್ತಿರದವರು, ನಾನೂ ಅಲ್ಲಿಯವಳೇ. ನೌಪಾಡಾದ ಒಂದು ಹೋಟೆಲಿನಲ್ಲಿ ದೋಸೆ ಕಾವಲಿಯ ಮುಂದೆ ಕೆಲಸ. ನಾವು ಆಗ ಡೊಂಬಿವಿಲಿಯ ಚಾಳಿನಲ್ಲಿ, ಸಾಲುಮನೆಯ ವಠಾರದಲ್ಲಿ ಇದ್ದೆವು. ಒಂದು ಸಂಜೆ ಕೆಲಸ ಮುಗಿಸಿ ಬರುವಾಗ ಲೋಕಲ್ ಬಾಗಿಲಿನಿಂದ ಬಿದ್ದರು, ಮುಂಬ್ರಾಕ್ಕೆ ಸ್ವಲ್ಪ ಮೊದಲು. ಅದೇ ಬಾಗಿಲಲ್ಲಿ ನಿಂತಿದ್ದ ಹನೀಫ್ ಎಂಬವರು ಮುಂಬ್ರಾದಲ್ಲಿ ಇಳಿದು ಹಳಿಯ ಮೇಲೆ ಹಿಂದಕ್ಕೆ ಓಡಿದರು. ಬೇಕರಿಯಲ್ಲಿ ಪಾವ್ ಸುಡುವವರು. ಇವರ ತಲೆ ತೊಡೆಯ ಮೇಲಿಟ್ಟುಕೊಂಡು ನೀರು ಕೊಟ್ಟದ್ದು ಅವರು, ಆಸ್ಪತ್ರೆಗೆ ಹೊತ್ತದ್ದು ಅವರು, ಚಾಳು ಹುಡುಕಿಕೊಂಡು ಬಂದು ನನಗೆ ಹೇಳಿದ್ದೂ ಅವರೇ. ಚಹಾ ಕುಡಿಯಲಿಲ್ಲ, ಹೊಸ್ತಿಲ ಹೊರಗೆ ಕೂತು ಅತ್ತು ಹೋದರು. ನನಗಾಗ ಇಪ್ಪತ್ತಾರು, ಮಗಳು ಶೋಭಾಗೆ ನಾಲ್ಕು. ಊರಿಗೆ ಹೋಗು ಎಂದು ಎಲ್ಲರೂ ಹೇಳಿದರು. ಹೋಗಲಿಲ್ಲ. ಬೈಂಡಿಂಗಿಗೆ ಸೇರಿದೆ.

ಆ ಸಂಚಿಕೆಯ ಹಾಳೆಗಳು ಬಂದ ದಿನ ಕಮಲತಾಯಿ ಮಡಚುತ್ತಾ ಮಡಚುತ್ತಾ ಕೈ ನಿಲ್ಲಿಸಿದಳು. ಅವಳು ಕೈ ನಿಲ್ಲಿಸಿದ್ದನ್ನು ನಾನು ಅದೇ ಮೊದಲು ನೋಡಿದ್ದು.

"ಗುಲಾಬ್, ಹೇ ತುಝೇ ಮಾಲಕ್ ನಾ?"

ಹೌದು, ನನ್ನ ಯಜಮಾನರೇ. ಅರ್ಧ ಪುಟದ ಫೋಟೋ. ಕೆಳಗೆ ದಪ್ಪ ಅಕ್ಷರ. ಒಂದೊಂದೇ ಕೂಡಿಸಿ ಓದಿದೆ. ನನ್ನ ಗಂಡ ನಮ್ಮವರ ಮಾನ ಕಾಯಲು ಒಬ್ಬನೇ ಒಂದು ಗುಂಪನ್ನು ಎದುರಿಸಿದನಂತೆ. ಆ ಗುಂಪು ಮುಂಬ್ರಾದ ಬೇರೆ ಧರ್ಮದವರದಂತೆ. ಅವರು ಅವನನ್ನು ಓಡುವ ರೈಲಿನಿಂದ ತಳ್ಳಿ ಕೊಂದರಂತೆ. ಈ ಚರಿತ್ರೆಯನ್ನು ಇಷ್ಟು ದಿನ ಮುಚ್ಚಿಟ್ಟಿದ್ದರಂತೆ.

ನಾನು ಎಲುಬಿನ ಪಟ್ಟಿ ಕೆಳಗಿಟ್ಟೆ. ಸಾವಂತ ಸೇಠ್ ಬಂದು ಏನಾಯಿತು ಎಂದು ಕೇಳಿದರು. ಹೇಳಿದೆ. ಅವರು ತಲೆ ಕೆರೆದುಕೊಂಡರು. "ಗುಲಾಬಿಬಾಯಿ, ಫರ್ಮಾ ವಾಚಾಯಚಾ ನಸ್ತೋ. ಘಡೀ ಘಾಲಾಯಚೀ ಅಸತೇ." ಓದಬೇಕಾದ್ದಲ್ಲ, ಮಡಚಬೇಕಾದ್ದು. ಅವರು ಹೇಳಿದ್ದು ಸರಿಯೇ, ನಿಮಗೂ ನಾನು ಅದನ್ನೇ ಹೇಳುತ್ತೇನೆ. ಆದರೆ ಗಂಡನನ್ನು ಮಡಚುವುದು ಹೇಗೆ?

ಮಾಸ್ತರರನ್ನು ಕರೆಸಿದರು. ಅವರು ನಗುತ್ತಲೇ ಬಂದರು. ನನಗೆ ಸಂತೋಷವಾಗಿರುತ್ತದೆ ಎಂದುಕೊಂಡೇ ಬಂದಿದ್ದರು ಎಂದು ಈಗಲೂ ನನಗೆ ಅನಿಸುತ್ತದೆ.

"ಏನವಾ ಗುಲಾಬವ್ವ, ಸಂಚಿಕೆ ಬಿಡುಗಡೆ ಸಮಾರಂಭದಾಗ ನಿನ್ನ ವೇದಿಕೆ ಮ್ಯಾಲೆ ಕೂಡಸ್ತೀವಿ. ಶಾಲು ಹೊದಸ್ತೀವಿ."

"ಮಾಸ್ಟ್ರೇ, ಇವರನ್ನು ಯಾರೂ ತಳ್ಳಿಲ್ಲ. ಜನ ಜಾಸ್ತಿ ಇತ್ತು, ಕೈ ಜಾರಿತು. ನಾನು ನಿಮಗೇ ಹೇಳಿದ್ದೆನಲ್ಲ."

"ಕೈ ತಾನ ಜಾರ್ತದೇನು? ಹಿಂದಿನಿಂದ ಯಾರರ ನೂಕಿರಬೇಕಲ್ಲ?"

"ನೂಕಿದರೆ ಗುಂಪು ನೂಕಿತು."

"ಅದನ್ನ ನಾನೂ ಬರ್ದೀನಿ. ಯಾರ ಗುಂಪು ಅಂತ ನೀ ಕೇಳಲಿಲ್ಲ, ನಾ ಕೇಳೀನಿ."

"ಸಂಜೆಯ ಲೋಕಲಿನ ಗುಂಪಿಗೆ ಜಾತಿ ಉಂಟಾ ಮಾಸ್ಟ್ರೇ?"

ಅವರ ಜೊತೆ ಬಂದವನೊಬ್ಬ ನಕ್ಕ. ಮಾಸ್ತರರು ನಗಲಿಲ್ಲ. ಪಾಠ ಹೇಳುವ ಧ್ವನಿಯಲ್ಲಿ ಹೇಳಿದರು, "ನೋಡವಾ, ನೀ ಅಲ್ಲಿ ಇರಲಿಲ್ಲ. ನಿನಗ ಹೇಳಿದಾವ ಒಬ್ಬ. ಆತ ಯಾರು? ಅದೇ ಮುಂಬ್ರಾದಾವ. ಆತ ತನ್ನವರ ತಪ್ಪು ಹೇಳ್ತಾನೇನು?"

"ಅವನ ಲುಂಗಿ ಪೂರ್ತಿ ಇವರ ರಕ್ತ ಆಗಿತ್ತು. ನಾನು ನೋಡಿದ್ದೇನೆ. ಇನ್ನೆಂತ ಬೇಕು ನಿಮಗೆ?"

"ನಿನ್ನ ದುಃಖ ನಿನಗ ಖರೇ. ಚರಿತ್ರೆ ಬ್ಯಾರೆ."

"ಹಾಗಾದ್ರೆ ಬೇರೆ ಯಾರದಾದ್ರೂ ಫೋಟೋ ಹಾಕಿ ಚರಿತ್ರೆ ಬರೀರಿ. ಈ ಹಾಳೆ ನಾನು ಕೊಯ್ತೇನೆ. ಕಲ್ಯಾಣದ ಹಾಳೆ ಕೊಯ್ಯಲಿಲ್ವಾ? ಇದನ್ನೂ ಕೊಯ್ತೇನೆ. ರಾತ್ರಿ ಕೂತಾದ್ರೂ ಅಂಟಿಸಿಕೊಡ್ತೇನೆ, ಕೂಲಿ ಬೇಡ."

"ಆವತ್ತು ಅವರು ಕಲ್ಲಿನ ಶಾಸನ ತೋರಸಿದ್ರು. ನೀ ಏನು ತೋರಸ್ತಿ?"

"ನಾನು ಹೆಂಡ್ತಿ."

ಆ ಮಾತಿಗೆ ಅವರು ಕನ್ನಡಕ ತೆಗೆದು ಒರೆಸಿದರು. ಬಗ್ಗಿಯಾರು ಎಂದು ನನಗೆ ಆಸೆ ಬಂತು. ಅವರು ಅದನ್ನು ಮತ್ತೆ ಹಾಕಿಕೊಂಡರು. "ಹೆಂಡತಿ ಒಬ್ಬಾಕೀನ ಅಲ್ಲ, ಮಗಳೂ ಇದ್ದಾಳ. ಶೋಭಾನ್ನ ಕೇಳೇ ಛಾಪಸೀನಿ. ಆಕಿ ಹಾಂ ಅಂದಾಳ."

ಚೀಲ ತೆಗೆದುಕೊಂಡು ಹೊರಟೆ. ಕಮಲತಾಯಿ ತನ್ನ ಮುಂದಿದ್ದ ಹಾಳೆಗಳನ್ನು ಮೇಜಿನ ಆ ತುದಿಗೆ ನೂಕಿ ಕೈಕಟ್ಟಿ ಕೂತಳು. ಸೇಠ್ ಅವಳಿಗೂ ಏನೋ ಹೇಳುತ್ತಿದ್ದರು.

ಶೋಭಾ, ಅವಳ ಗಂಡ, ನಾನು ಆಗ ಕೋಪರಖೈರಣೆಯಲ್ಲಿ ಇದ್ದೆವು. ಅವಳು ಕೆಲಸದಿಂದ ಬಂದು ಕುಕ್ಕರ್ ಇಟ್ಟಿದ್ದಳು. ನಾನು ಚಪ್ಪಲಿ ಬಿಡುವ ಮೊದಲೇ ಕೇಳಿದೆ.

"ನೀನು ಹಾಂ ಅಂದೆಯಾ?"

"ಅಂದೆ. ಉಸ್‌ಮೇ ಕ್ಯಾ ಹೈ? ಒಳ್ಳೇದೇ ಬರೆದಿದ್ದಾರೆ."

"ಸುಳ್ಳು ಬರೆದಿದ್ದಾರೆ."

"ತುಲಾ ಕಸಂ ಮಾಹೀತ್, ನಿನಗೆ ಹೇಗೆ ಗೊತ್ತು? ನೀನು ನೋಡಿದ್ದೀಯಾ?"

"ಹನೀಫ್ ನೋಡಿದ್ದಾನೆ. ಅವನು ಪ್ರತಿ ಗಣಪತಿ ಹಬ್ಬಕ್ಕೆ ತಂದ ಬನ್ ತಿಂದು ಬೆಳೆದವಳು ನೀನು. ಅವನು ಸತ್ತ, ಮಕ್ಕಳಿದ್ದಾರೆ. ಈ ಪುಸ್ತಕ ಅವರ ಕೈಗೆ ಸಿಕ್ಕರೆ ನಾನು ಮುಖ ಎಲ್ಲಿ ಇಟ್ಟುಕೊಳ್ಳಲಿ?"

ಅವಳು ಒಲೆ ಆರಿಸಿದಳು. ನನ್ನ ಕಡೆ ತಿರುಗಿದಳು. ಕಣ್ಣು ಒದ್ದೆ ಇರಲಿಲ್ಲ, ಕೋಪ ಇತ್ತು. "ಅಮ್ಮಾ, ನಿನಗೆ ಪೂರಾ ಒಬ್ಬ ಗಂಡ ಸಿಕ್ಕಿದ. ನನಗೆ ಕ್ಯಾ ಮಿಲಾ? ಗೋಡೆ ಮೇಲೆ ಒಂದು ಫೋಟೋ. ಸ್ಕೂಲಲ್ಲಿ ಕೇಳಿದರೆ ಟ್ರೇನಿಂದ ಬಿದ್ದ ಅಂತ ಹೇಳಬೇಕು. ಎಲ್ಲರ ಅಪ್ಪ ಏನೋ ಒಂದು, ನನ್ನ ಅಪ್ಪ ಬಿದ್ದವನು. ನೀನು ಒಂದು ದಿನ ಕೂತು ಹೇಳಿದ್ದೀಯಾ ಅವನು ಹೇಗಿದ್ದ ಅಂತ? ಕೇಳಿದರೆ 'ಎಂತ ಹೇಳುವುದು, ಸತ್ತವರು ಸತ್ತರು' ಅಂತೀಯಾ. ಈಗ ಯಾರೋ ಒಬ್ಬರು ನನಗೊಬ್ಬ ಅಪ್ಪನ್ನ ಬರೆದು ಕೊಟ್ಟರು. ಅದನ್ನೂ ಕೊಯ್ದು ಹಾಕ್ತೀಯಾ?"

ನಾನು ಹಾಗೆಯೇ ಹೇಳುತ್ತಿದ್ದೆ, ನಿಜ. ಎರಡು ಪಾಳಿ ಕೆಲಸ ಮಾಡುವವಳು ಕೂತು ಏನು ಹೇಳುವುದು? ಹೇಳಲು ಹೊರಟರೆ ಮರುದಿನ ಮೇಜಿನ ಮುಂದೆ ನಿಲ್ಲಲು ಆಗಬೇಕಲ್ಲ.

"ನಿನ್ನ ಅಪ್ಪ ಗುಂಪನ್ನು ಎದುರಿಸುವ ಗಂಡಸಲ್ಲ ಮಾರಾಯ್ತಿ," ಅಂದೆ. "ಚಾಳಿನ ಬಾಗಿಲಲ್ಲಿ ಒಂದು ಕಂದು ನಾಯಿ ಮಲಗುತ್ತಿತ್ತು. ಅದಕ್ಕೆ ಹೆದರಿ ಹಿಂದಿನ ಗಟಾರ ದಾಟಿ ಬರುತ್ತಿದ್ದರು. ಒಂದು ದಿನ ಗಟಾರಕ್ಕೇ ಕಾಲು ಹಾಕಿದರು. ನಾಯಿ ಎದ್ದು ನೋಡಲೂ ಇಲ್ಲ."

ಶೋಭಾ ನನ್ನನ್ನೇ ನೋಡಿದಳು. "ಖರಂಚ್?"

"ನಿಜ. ಆ ಕಾಲಿನಲ್ಲೇ ಒಳಗೆ ಬಂದು ನಿನ್ನನ್ನು ಎತ್ತಿಕೊಂಡರು. ನಾನು ಬೈದೆ. ನಾಯಿ ಬಹಳ ದೊಡ್ಡದು ಗುಲಾಬಿ ಅಂದರು."

ಅವಳಿಗೆ ನಗು ಬಂತು. ತಡೆದುಕೊಂಡಳು. ಆಮೇಲೆ ಮುಖ ತಿರುಗಿಸಿ ಒಲೆ ಹೊತ್ತಿಸಿದಳು.

ಆ ಸಂಚಿಕೆ ಏನಾಯಿತು ಎಂದು ನೀವು ಕೇಳುತ್ತೀರಿ. ಹೊರಗೆ ಬಂತು. ನಾನೂ ಕಮಲತಾಯಿಯೂ ಮುಟ್ಟದಿದ್ದರೆ ಕೆಲಸ ನಿಲ್ಲುತ್ತದೆ ಎಂದುಕೊಂಡಿದ್ದೆ. ಸೇಠ್ ಹಾಳೆಗಳನ್ನೆಲ್ಲ ಮೆಷಿನ್ ಇದ್ದವರ ಕಡೆ ಕಳಿಸಿದರು. ಮೆಷಿನ್ ಯಾರ ಮುಖವನ್ನೂ ನೋಡುವುದಿಲ್ಲ. ಕಟ್ಟು ದೊಡ್ಡದಿತ್ತು ಎಂದು ಕೇಳಿದೆ. ಈಗಲೂ ಯಾರಾದರೂ ಸಿಕ್ಕಿ ನಿಮ್ಮ ಯಜಮಾನರು ದೊಡ್ಡ ವೀರರಂತೆ ಎನ್ನುತ್ತಾರೆ. ಅಲ್ಲ, ದೋಸೆ ಹೊಯ್ಯುವವರು ಎಂದು ಹೇಳುತ್ತೇನೆ. ನಂಬುವುದಿಲ್ಲ. ಮಾಸ್ತರರು ಆಮೇಲೆ ನಮ್ಮ ಕೋಣೆಗೆ ಬರಲಿಲ್ಲ. ಅವರು ತೀರಿಕೊಂಡ ಸುದ್ದಿ ಬಂದಾಗ ನಾನು ಅತ್ತೆ, ಮೊದಲಿನ ಮಾಸ್ತರರಿಗಾಗಿ. ಸಮಾರಂಭದಲ್ಲಿ ವೇದಿಕೆಯ ಮೇಲೆ ಎರಡು ಕುರ್ಚಿ ಖಾಲಿ ಇದ್ದವಂತೆ, ನನ್ನದು ಮತ್ತು ಶೋಭಾಳದು. ಅವಳು ಏಕೆ ಹೋಗಲಿಲ್ಲ ಎಂದು ನಾನು ಕೇಳಿಲ್ಲ. ಜಗಳದ ಮರುದಿನ ಬೆಳಿಗ್ಗೆ ನಡೆದದ್ದು ಮಾತ್ರ ಹೇಳುತ್ತೇನೆ.

ಬೆಳಿಗ್ಗೆ ಎದ್ದು ಅವಳಿಗೆ ಹೇಳಿದೆ, "ಆಫೀಸಿಗೆ ರಜೆ ಹಾಕು. ನನ್ನ ಜೊತೆ ಬಾ." ಎಲ್ಲಿಗೆ ಎಂದು ಕೇಳಿದಳು. ಹೇಳಲಿಲ್ಲ. ಕೋಪರಖೈರಣೆಯಿಂದ ಠಾಣೆಗೆ ಬಂದೆವು. ಅಲ್ಲಿ ಕಲ್ಯಾಣದ ಸ್ಲೋ ಗಾಡಿ ಹತ್ತಿದೆವು. ಬೆಳಗಿನ ಹೊತ್ತು ಆ ಕಡೆ ಹೋಗುವ ಗಾಡಿ ಖಾಲಿ ಇರುತ್ತದೆ. ಅವಳು ಒಳಗೆ ಹೋಗಿ ಕೂರಲು ಹೊರಟಳು. ಕೈ ಹಿಡಿದು ಬಾಗಿಲ ಹತ್ತಿರ ನಿಲ್ಲಿಸಿದೆ.

"ಪಾಗಲ್ ಹೋ ಗಯೀ ಕ್ಯಾ ಅಮ್ಮಾ?"

"ನಿಲ್ಲು."

ಕಳವಾ ದಾಟಿತು. ಒಂದು ಕಡೆ ಗುಡ್ಡ ಹತ್ತಿರ ಬಂತು, ಇನ್ನೊಂದು ಕಡೆ ಖಾಡಿ, ಸಮುದ್ರದ ಹಿನ್ನೀರು, ತೆರೆದುಕೊಂಡಿತು. ನೀರಿನ ಮೇಲಿಂದ ಗಾಳಿ ಒಮ್ಮೆಲೇ ಬಂದು ಹೊಡೆಯಿತು.

"ಇಲ್ಲೇ," ಅಂದೆ. "ಬೆಳಿಗ್ಗೆಯಿಂದ ಸಂಜೆವರೆಗೆ ಕಾವಲಿಯ ಮುಂದೆ ನಿಂತ ಮೈ. ಒಳಗೆ ಜಾಗ ಸಿಕ್ಕಿದರೂ ಕೂರುತ್ತಿರಲಿಲ್ಲ. ಈ ತಿರುವು ಬರುವುದಕ್ಕೆ ಕಾಯುತ್ತಿದ್ದರು. ಅಂಗಿಯ ಗುಂಡಿ ಬಿಚ್ಚಿ ಇಲ್ಲಿ ನಿಲ್ಲುತ್ತಿದ್ದರು. ಈ ಗಾಳಿ ಸಿಕ್ಕಿದ ದಿನ ಮನೆಗೆ ಬಂದು ನಿನ್ನನ್ನು ಎತ್ತುತ್ತಿದ್ದರು, ಸಿಗದ ದಿನ ಸುಮ್ಮನೆ ಮಲಗುತ್ತಿದ್ದರು."

ಶೋಭಾ ತಲೆಯ ಕ್ಲಿಪ್ ತೆಗೆದು ಬಾಯಲ್ಲಿ ಕಚ್ಚಿಕೊಂಡಳು. ಕೂದಲು ಪೂರ್ತಿ ಹಿಂದಕ್ಕೆ ಹಾರಿತು. ಕಣ್ಣು ಮುಚ್ಚಿ ಸ್ವಲ್ಪ ಮುಂದೆ ಬಾಗಿದಳು. ನಾನು ಒಂದು ಕೈಯಲ್ಲಿ ಬಾಗಿಲ ಕಂಬವನ್ನೂ ಇನ್ನೊಂದು ಕೈಯಲ್ಲಿ ಅವಳ ಕುರ್ತಾವನ್ನೂ ಮುಷ್ಟಿ ಕಟ್ಟಿ ಹಿಡಿದುಕೊಂಡೆ. ಮುಂಬ್ರಾ ಬಂದು ಗಾಡಿ ನಿಲ್ಲುವವರೆಗೂ ಬಿಡಲಿಲ್ಲ.